ರೂಲ್ಸ್‌ನಲ್ಲಿ ಇದೆ ಅಂದ್ರೆ ಮಾಡಬಹುದಾ? ಫ್ಯಾಂಟಸಿ ಗೇಮ್ ಬಗ್ಗೆ ಒಂದು ಸೆಮಿನಾರ್ ತಲೆನೋವು

ಕೊನೆಬೆಂಚು

ಉದ್ದ ಬರಹ, ಮೊದಲೇ ಹೇಳಿಬಿಡುತ್ತೇನೆ.

ಪತ್ರಿಕೋದ್ಯಮ ಎಂ.ಎ. ಓದುತ್ತಿದ್ದೇನೆ. ಈ ಸೆಮಿಸ್ಟರ್‌ಗೆ ಮಾಧ್ಯಮ ನೀತಿ ಅಂತ ಒಂದು ಪೇಪರ್. ಸೆಮಿನಾರ್ ವಿಷಯ ನಾವೇ ಆರಿಸಬೇಕು. ಕ್ಲಾಸಿನ ಮುಕ್ಕಾಲು ಪಾಲು ಜನ ಸುಳ್ಳು ಸುದ್ದಿ ತಗೊಂಡರು. ನಾನು ಫ್ಯಾಂಟಸಿ ವಿಡಿಯೋ ಗೇಮ್ ಅಂತ ಬರೆದುಕೊಟ್ಟೆ. ಮೇಷ್ಟ್ರು ಹಾಳೆ ನೋಡಿ, "ಹಿಂಸೆ, ಮಕ್ಕಳ ಮೇಲೆ ಪರಿಣಾಮ, ಅದೇ ತಾನೇ?" ಅಂದರು. ಅದಲ್ಲ ಸರ್ ಅಂದೆ. ಮತ್ತೇನು ಅಂತ ಕೇಳಿದರು. ಸರಿಯಾಗಿ ಬಾಯಿ ಬರಲಿಲ್ಲ. ಇಲ್ಲಿ ಹೇಳಿ ನೋಡುತ್ತೇನೆ. ಸೆಮಿನಾರ್‌ನಲ್ಲಿ ಬೈಸಿಕೊಳ್ಳುವುದಕ್ಕಿಂತ ಇಲ್ಲಿ ಬೈಸಿಕೊಳ್ಳುವುದು ವಾಸಿ.

ಗೇಮ್‌ನಲ್ಲಿ ಡ್ರ್ಯಾಗನ್ ಕೊಂದವನು ನಾಳೆ ಬೀದಿಯಲ್ಲಿ ಯಾರನ್ನೋ ಕೊಲ್ಲುತ್ತಾನಾ ಅನ್ನುವ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಸ್ಕೈರಿಮ್ ಆಡಿದವರಿಗೆ ಗೊತ್ತು. ಅಂಗಡಿಯವನ ತಲೆ ಮೇಲೆ ಬಕೆಟ್ ಕವುಚಿದರೆ ಅವನಿಗೆ ಕಣ್ಣು ಕಾಣಿಸುವುದಿಲ್ಲ. ಅವನ ಎದುರಿಗೇ ಗಲ್ಲಾದಿಂದ ಹಿಡಿದು ಗೋಡೆ ಮೇಲಿನ ಕತ್ತಿವರೆಗೆ ಎಲ್ಲಾ ಬಾಚಿಕೊಂಡು ಹೋಗಬಹುದು. ಅವನು ಬಕೆಟ್ ಹೊತ್ತುಕೊಂಡೇ ಸುಮ್ನೆ ನಿಂತಿರುತ್ತಾನೆ. 2011ರಲ್ಲಿ ಆ ಗೇಮ್ ಬಂದಾಗ ಈ ವಿಡಿಯೋ ನೋಡಿ ನಗದವರಿಲ್ಲ. ನಾನೂ ಇದನ್ನು ಮಾಡಿದ್ದೇನೆ, ಇವತ್ತಿಗೂ ನನಗೆ ಅದರಲ್ಲಿ ತಪ್ಪೇನೂ ಕಾಣಿಸುವುದಿಲ್ಲ. ಅಂಗಡಿಯವನು ಕಂಪ್ಯೂಟರ್ ನಡೆಸುವ ಪಾತ್ರ, ಅಲ್ಲಿ ಯಾರೂ ಇಲ್ಲ. ನಷ್ಟ ಆಗುವುದಕ್ಕೆ ಒಬ್ಬ ಬೇಕಲ್ವಾ?

ಈಗ ಇನ್ನೊಂದು ಪ್ರಸಂಗ. 2006. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, ಸಾವಿರಾರು ಜನ ಒಟ್ಟಿಗೆ ಆಡುವ ಆನ್‌ಲೈನ್ ಗೇಮ್. ಒಬ್ಬ ಆಟಗಾರ್ತಿ ನಿಜ ಜೀವನದಲ್ಲೇ ಸ್ಟ್ರೋಕ್ ಆಗಿ ತೀರಿಕೊಂಡರು. ಗೇಮ್‌ನಲ್ಲಿ ಜೊತೆಗಾರರಾಗಿದ್ದವರು ಬೇರೆ ಬೇರೆ ಊರಿನವರು, ಮಣ್ಣಿಗೆ ಹೋಗುವುದಕ್ಕಂತೂ ಆಗುವುದಿಲ್ಲ. ಹಾಗಾಗಿ ಗೇಮ್ ಒಳಗೇ ಸೇರೋಣ ಅಂದುಕೊಂಡರು. ಆಕೆಗೆ ಗೇಮ್‌ನಲ್ಲಿ ಮೀನು ಹಿಡಿಯುವುದು ಇಷ್ಟ, ಹಿಮ ಇಷ್ಟ. ಅದಕ್ಕೆ ವಿಂಟರ್‌ಸ್ಪ್ರಿಂಗ್ ಅನ್ನುವ ಹಿಮದ ಸೀಮೆಯಲ್ಲಿ ನೀರಿನ ಪಕ್ಕ ಜಾಗ ಗೊತ್ತು ಮಾಡಿದರು. ದಿನ, ಹೊತ್ತು ಎಲ್ಲಾ ಬರೆದು, ದಯವಿಟ್ಟು ಯಾರೂ ಗಲಾಟೆ ಮಾಡಬೇಡಿ ಅಂತ ಕೇಳಿಕೊಂಡರು. ಆಕೆಯ ಪಾತ್ರವನ್ನೇ ಒಬ್ಬರು ಲಾಗಿನ್ ಮಾಡಿ ನೀರಿನ ಹತ್ತಿರ ನಿಲ್ಲಿಸಿದರು. ಉಳಿದವರು ಒಬ್ಬೊಬ್ಬರಾಗಿ ಬಂದು ಎದುರು ನಿಂತು ಹೋಗುತ್ತಿದ್ದರು. ಆಗ ಸೆರಿನಿಟಿ ನೌ ಅನ್ನುವ ಎದುರು ಬಣದ ಗಿಲ್ಡ್, ಅಂದರೆ ಆಟಗಾರರ ತಂಡ, ಗುಂಪಾಗಿ ನುಗ್ಗಿ ಎಲ್ಲರನ್ನೂ ಕೊಂದು ಹಾಕಿತು. ಅದನ್ನು ವಿಡಿಯೋ ಮಾಡಿ, ಹಾಡು ಸೇರಿಸಿ ಹರಿಯಬಿಟ್ಟಿತು.

ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅಂತ ಅಲ್ಲಿಗೇ ಮುಗಿಸಿಬಿಡಬಹುದು. ಆದರೆ ಇಷ್ಟು ವರ್ಷ ಆದ ಮೇಲೂ ಜನ ಇದರ ಬಗ್ಗೆ ಜಗಳ ಆಡುತ್ತಿದ್ದಾರೆ. ಒಂದು ಪಾಳಯದ ಮಾತು: ಅದು ಪಿವಿಪಿ ಸರ್ವರ್, ಅಂದರೆ ಯಾರು ಯಾರನ್ನಾದರೂ ಕೊಲ್ಲಬಹುದು ಅಂತ ಒಪ್ಪಿಕೊಂಡೇ ಒಳಗೆ ಬಂದವರು. ಆ ಜಾಗವೂ ಎರಡೂ ಬಣದವರು ಕಾದಾಡುವ ಜಾಗವೇ. ತಾವಾಗಿ ವಿಳಾಸ ಕೊಟ್ಟು ಕತ್ತಿ ಕೆಳಗಿಟ್ಟು ನಿಂತರೆ ಇನ್ನೇನಾಗುತ್ತೆ? ಇನ್ನೊಂದು ಪಾಳಯದ್ದು ಒಂದೇ ಮಾತು: ಯಾರೋ ಸತ್ತಿದ್ದಾರೆ ಕಣ್ರೋ.

ರೂಲ್ಸ್ ಪ್ರಕಾರ ಮೊದಲ ಪಾಳಯ ಸರಿ. ಅದನ್ನು ನಾನು ಒಪ್ಪುತ್ತೇನೆ. ಒಪ್ಪಿಯೂ ನನಗೆ ಒಂದು ವಿಷಯ ಚುಚ್ಚುತ್ತೆ. ಕೊಲ್ಲುವುದು ಕೆಲವು ನಿಮಿಷದ ಕೆಲಸ. ಆಟದ ಬಿಸಿಯಲ್ಲಿ ಆಯಿತು ಅನ್ನೋಣ. ಆದರೆ ಆಮೇಲೆ ಕೂತು ಕ್ಲಿಪ್ ಕತ್ತರಿಸಿ, ಹಾಡು ಆರಿಸಿ, ಅಕ್ಷರ ಕೂರಿಸಿ, ಅಪ್‌ಲೋಡ್ ಬಟನ್ ಒತ್ತಬೇಕಲ್ಲ? ಅಷ್ಟು ಹೊತ್ತಿಗೆ ಆಟ ಮುಗಿದಿದೆ. ಪಿವಿಪಿ ಸರ್ವರ್‌ನ ರೂಲ್ಸ್ ಎಡಿಟಿಂಗ್ ಟೇಬಲ್‌ವರೆಗೆ ಬರುವುದಿಲ್ಲ. ಅಲ್ಲಿ ಕೂತಿರುವವನು ಯೋಧನೂ ಅಲ್ಲ, ಮಂತ್ರವಾದಿಯೂ ಅಲ್ಲ, ನನ್ನ ಹಾಗೆ ಕುರ್ಚಿ ಮೇಲೆ ಕೂತ ಹುಡುಗ. ಅವನು ಯಾರನ್ನು ನಗಿಸುವುದಕ್ಕೆ ಹೊರಟಿದ್ದಾನೆ, ಯಾರನ್ನು ಬಳಸಿಕೊಂಡು?

ನನ್ನ ಸೆಮಿನಾರ್ ಇದೇ. ಗೇಮ್‌ನೊಳಗೆ ಏನು ಮಾಡಿದೆ ಅನ್ನುವುದಕ್ಕಿಂತ, ಅದನ್ನು ಹೊರಗೆ ತಂದು ಏನು ಮಾಡಿದೆ ಅನ್ನುವುದರಲ್ಲಿ ನೀತಿಯ ಪ್ರಶ್ನೆ ಜಾಸ್ತಿ ಇದೆ. ಈಗ ಬೈಯಿರಿ.

ರಾತ್ರಿಪಾಳಿ

ತಮ್ಮಾ, ಚೆನ್ನಾಗಿ ಬರೆದಿದ್ದೀಯ. ಆದರೆ ಆ ಕಾಲದಲ್ಲಿ ವಾವ್, ಅಂದರೆ ಅದೇ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, ಆಡಿದವನಾಗಿ ಎರಡು ಮಾತು.

ನಾನಾಗ ಬೆಂಗಳೂರಲ್ಲಿ ಕಾಲ್‌ಸೆಂಟರ್ ಕೆಲಸದಲ್ಲಿದ್ದೆ. ವಾರದ ರಜೆಯಲ್ಲೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಅಮೆರಿಕದವರ ಜೊತೆ ಆಡುವುದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಪಿಂಗ್, ಅಂದರೆ ನೆಟ್ ತಡವಾಗುವುದು, ಮಾತ್ರ ದೇವರಿಗೇ ಪ್ರೀತಿ. ಪಿವಿಪಿ ಸರ್ವರ್ ಅಂದರೆ ಏನು ಗೊತ್ತಾ? ಸ್ಟ್ರಾಂಗಲ್‌ಥಾರ್ನ್ ಕಾಡಲ್ಲಿ ನನ್ನ ಪಾಡಿಗೆ ಗಾಳ ಹಾಕಿ ನಿಂತಿದ್ದಾಗ ಹಿಂದಿನಿಂದ ಬಂದು ಚುಚ್ಚಿ ಹೋದವರಿಗೆ ಲೆಕ್ಕ ಇಲ್ಲ. ಸತ್ತು, ದೆವ್ವವಾಗಿ ಸ್ಮಶಾನದಿಂದ ಹೆಣದ ತನಕ ಓಡಿ ಬಂದರೆ ಅದೇ ಮನುಷ್ಯ ಅಲ್ಲೇ ಕಾಯುತ್ತಾ ನಿಂತಿರುತ್ತಿದ್ದ. ಬೈಕೊಂಡು, ಮರುದಿನ ನಾನೂ ಇನ್ನೊಬ್ಬನಿಗೆ ಅದನ್ನೇ ಮಾಡುತ್ತಿದ್ದೆ. ಆ ಭಯ ಇದ್ದದ್ದಕ್ಕೇ ಆ ಕಾಡು ಕಾಡಾಗಿತ್ತು. ಬೇಡ ಅಂದವರಿಗೆ ಬೇರೆ ಸರ್ವರ್ ಇತ್ತಲ್ವಾ?

ಇನ್ನೊಂದು. ನಾವು ಗೇಮ್‌ನಲ್ಲಿ ಕೆಟ್ಟದ್ದು ಮಾಡಿದ್ದರಿಂದ ಲೋಕಕ್ಕೆ ಉಪಕಾರವೂ ಆಗಿದೆ. 2005ರ ಸೆಪ್ಟೆಂಬರ್ 13ಕ್ಕೆ ಝುಲ್‌ಗುರುಬ್ ಅಂತ ಹೊಸ ರೇಡ್ ಬಂತು, ಗುಂಪು ಕಟ್ಟಿಕೊಂಡು ಹೋಗಿ ಕಾದಾಡುವ ಜಾಗ. ಅದರ ಬಾಸ್, ಅಂದರೆ ಅಲ್ಲಿ ಸೋಲಿಸಬೇಕಾದ ದೊಡ್ಡ ಶತ್ರು, ಹಕ್ಕಾರ್, ರಕ್ತದ ದೇವರು. ಅವನು ಹಾಕುವ ಶಾಪ ಒಬ್ಬನಿಂದ ಪಕ್ಕದವನಿಗೆ ಅಂಟುತ್ತಿತ್ತು. ಆ ರೇಡ್ ಒಳಗೇ ಮುಗಿಯಬೇಕಾದ ಕಾಯಿಲೆ. ಆದರೆ ಬೇಟೆಗಾರರ ಸಾಕುಪ್ರಾಣಿಗೆ ಅಂಟಿದ ಮೇಲೆ ಅದನ್ನು ಮಾಯ ಮಾಡಿ, ಊರಿಗೆ ಬಂದು ಮತ್ತೆ ಕರೆದರೆ ಶಾಪವೂ ಅದರ ಜೊತೆಗೇ ಬರುತ್ತಿತ್ತು. ಊರಲ್ಲಿ ಅಂಗಡಿ ಇಟ್ಟುಕೊಂಡ ಕಂಪ್ಯೂಟರ್ ಪಾತ್ರಗಳಿಗೂ ಅಂಟಿತು, ಅವರು ಸಾಯುವುದಿಲ್ಲ, ಬಂದವರಿಗೆಲ್ಲ ಹಂಚುತ್ತಾರೆ. ಕಡಿಮೆ ಲೆವೆಲ್‌ನವರು ಬೀದಿ ಬೀದಿಯಲ್ಲಿ ಬಿದ್ದರು. ಬೀದಿ ತುಂಬಾ ಮೂಳೆ. ಕೆಲವರು ಹಳ್ಳಿ ಕಡೆ ಓಡಿದರು. ಕೆಲವರು ನಿಂತು ಸಿಕ್ಕಸಿಕ್ಕವರಿಗೆ ಔಷಧ ಮಾಡಿದರು. ಕೆಲವರು ಬೇಕಂತಲೇ ಅಂಟಿಸಿಕೊಂಡು ಜನ ಜಾಸ್ತಿ ಇರುವ ಕಡೆ ಹೋಗಿ ಹಂಚಿದರು. ಏನಾಗ್ತಿದೆ ನೋಡೋಣ ಅಂತ ಲಾಗಿನ್ ಆಗಿ ಅಂಟಿಸಿಕೊಂಡವರೂ ಇದ್ದರು. ಕ್ವಾರಂಟೈನ್ ಮಾಡಲು ಹೋಗಿ ಗೇಮ್ ನಡೆಸುವ ಬ್ಲಿಝಾರ್ಡ್ ಕಂಪನಿ ಕೈಚೆಲ್ಲಿತು, ಕೊನೆಗೆ ಸರ್ವರ್ ರೀಸೆಟ್ ಮಾಡಬೇಕಾಯಿತು.

ಎರಿಕ್ ಲಾಫ್‌ಗ್ರೆನ್, ನೀನಾ ಫೆಫರ್‌ಮನ್ ಅನ್ನುವ ಇಬ್ಬರು ಸಂಶೋಧಕರು 2007ರಲ್ಲಿ ಲ್ಯಾನ್ಸೆಟ್‌ನ ಸೋಂಕುರೋಗ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. ನಿಜವಾದ ರೋಗ ಬಂದಾಗ ಜನ ಹೇಗೆ ನಡೆದುಕೊಳ್ಳಬಹುದು ಅಂತ ತಿಳಿಯುವುದಕ್ಕೆ. ಬೇಕಂತಲೇ ಹಂಚಿದ ಆ ಪುಣ್ಯಾತ್ಮರು ಇಲ್ಲದಿದ್ದರೆ ಆ ಪಾಠ ಅರ್ಧ ಆಗುತ್ತಿತ್ತು. ಹಾಗಾಗಿ ಗೇಮ್ ಅಂದರೆ ಕೆಟ್ಟವನಾಗಿ ನೋಡುವುದಕ್ಕೂ ಒಂದು ಜಾಗ. ಅದನ್ನು ಕಿತ್ತುಕೊಳ್ಳಬೇಡಿ.

ಮೂಡುತಿಟ್ಟು

ರಾತ್ರಿಪಾಳಿಯವರ ಮಾತಿಗೆ ನನ್ನದೊಂದು ಸೇರಿಕೆ. ನಾನು ಗೇಮ್ ಆಡುವವನಲ್ಲ, ತಾಳಮದ್ದಳೆ ಕೇಳುವವನು. ಕೌರವನ ಅರ್ಥ ಹೇಳುವವರು ಕೃಷ್ಣನನ್ನು ಬಾಯಿಗೆ ಬಂದ ಹಾಗೆ ಜರೆಯುತ್ತಾರೆ. ಎಷ್ಟು ಸಮರ್ಥವಾಗಿ ಅಂದರೆ, ಕೇಳುತ್ತಾ ಕೂತವರಿಗೆ ಕೌರವನದ್ದೇ ಸರಿ ಅನ್ನಿಸಬೇಕು. ಮಂಗಳ ಹಾಡಿದ ಮೇಲೆ ಇಬ್ಬರೂ ಒಟ್ಟಿಗೆ ಕೂತು ಚಾ ಕುಡಿಯುತ್ತಾರೆ. ಯಾರೂ ಯಾರಿಗೂ ಕ್ಷಮೆ ಕೇಳುವುದಿಲ್ಲ. ಪಾತ್ರ ಮಾಡಿದ್ದಕ್ಕೆ ಲೆಕ್ಕ ಕೇಳಲು ಹೊರಟರೆ ಅರ್ಥಗಾರಿಕೆಯೇ ನಿಂತುಹೋಗುತ್ತದೆ ಮಾರಾಯ್ರೆ.

ಕೊನೆಬೆಂಚು

ಸರ್, ಈ ಉದಾಹರಣೆ ನನಗೂ ಇಷ್ಟ ಆಯಿತು, ಸೆಮಿನಾರಿಗೆ ಕದಿಯುತ್ತೇನೆ. ಆದರೆ ಒಂದು ವ್ಯತ್ಯಾಸ. ಕೌರವ, ಕೃಷ್ಣ ಇಬ್ಬರೂ ಅವತ್ತಿನ ಪ್ರಸಂಗಕ್ಕೆ ಒಪ್ಪಿ ಕೂತವರು. ವಿಂಟರ್‌ಸ್ಪ್ರಿಂಗ್‌ನಲ್ಲಿ ನೀರಿನ ಹತ್ತಿರ ನಿಂತವರು ಅವತ್ತು ಪಾತ್ರ ಮಾಡುತ್ತಿರಲಿಲ್ಲ. ಮೈಮೇಲೆ ವೇಷ ಇತ್ತು ಅಷ್ಟೇ. ಅದನ್ನು ಮೊದಲೇ ಹೇಳಿಯೂ ಇದ್ದರು.

ರಾತ್ರಿಪಾಳಿ ಅಣ್ಣ, ಹಕ್ಕಾರ್ ಕಥೆ ಸೂಪರ್. ಅದು ನನಗೆ ಬಕೆಟ್ ಕಡೆಗೆ ಸೇರುತ್ತೆ ಅನ್ನಿಸುತ್ತೆ. ಸತ್ತವನು ಮತ್ತೆ ಎದ್ದ, ಬೈಕೊಂಡ, ಅವನ ಸಂಜೆ ಹಾಳಾಯಿತು, ಅಷ್ಟೇ. ಅಲ್ಲಿ ಯಾರ ದುಃಖವನ್ನೂ ಸರಕು ಮಾಡಿಕೊಳ್ಳಲಿಲ್ಲ.

ಪಿಕ್ಸೆಲ್‌ಪುಟ್ಟಿ

ಬೆಂಗಳೂರಿನ ಒಂದು ಗೇಮ್ ಸ್ಟುಡಿಯೋದಲ್ಲಿ ಆರ್ಟ್ ಮಾಡುತ್ತೇನೆ. ಹೊರದೇಶದ ಗೇಮ್‌ಗಳಿಗೆ ಪೀಪಾಯಿ, ಕಂಬ, ಕತ್ತಿಯ ಹಿಡಿ ಮಾಡಿ ಕೊಡುವುದು ನಮ್ಮ ಕೆಲಸ. ಆಡಿದ ಮನುಷ್ಯನ ಮನಸ್ಸು ಎಂಥದ್ದು ಅಂತ ನೀವೆಲ್ಲ ಜಗಳ ಆಡುತ್ತಿದ್ದೀರಿ. ನಾನು ಕೇಳುವುದು, ಗೇಮ್ ಕಟ್ಟಿದವರು ಎಲ್ಲಿ ಹೋದರು?

ಎರಡು ಹಳೇ ಉದಾಹರಣೆ, ಒಬ್ಬರದ್ದೇ. 1985ರಲ್ಲಿ ರಿಚರ್ಡ್ ಗ್ಯಾರಿಯಟ್ ಅಲ್ಟಿಮಾ 4 ಮಾಡಿದರು. ಅದರ ಹಿಂದಿನ ಗೇಮ್‌ಗಳಲ್ಲಿ ಜನ ಗೆಲ್ಲಬೇಕು ಅಂತ ಊರವರನ್ನು ದೋಚುತ್ತಿದ್ದದ್ದನ್ನು ಅವರು ನೋಡಿದ್ದರು. ಈ ಸಲ ಕೊನೆಯಲ್ಲಿ ಕೊಲ್ಲಬೇಕಾದ ದೊಡ್ಡ ಖಳನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ಧೈರ್ಯ ಅಂತ ಎಂಟು ಗುಣ, ಎಂಟರಲ್ಲೂ ಪಾಸಾಗಬೇಕು. ಮಂತ್ರಕ್ಕೆ ಬೇಕಾದ ಬೇರು ನಾರು ಮಾರುವವರು ಕುರುಡರು. ಎಷ್ಟಾಯಿತು ಅಂತ ಹೇಳುತ್ತಾರೆ, ಎಷ್ಟು ನಾಣ್ಯ ಕೊಟ್ಟೆ ಅಂತ ನೀವೇ ಟೈಪ್ ಮಾಡಬೇಕು. ಒಂದೇ ನಾಣ್ಯ ಕೊಟ್ಟರೂ ಮಾಲು ಕೈಗೆ ಬರುತ್ತೆ. ಗಂಟೆ ಹೊಡೆಯುವುದಿಲ್ಲ, ಪೊಲೀಸ್ ಬರುವುದಿಲ್ಲ. ಒಳಗೆ ಮಾತ್ರ ಪ್ರಾಮಾಣಿಕತೆಯ ಅಂಕ ಇಳಿಯುತ್ತೆ. ತುಂಬಾ ಹೊತ್ತಾದ ಮೇಲೆ, ಗುಣ ಎಲ್ಲಿಗೆ ಬಂತು ಅಂತ ಕೇಳಲು ಹೋದಾಗ ಗೊತ್ತಾಗುತ್ತೆ. ಕೊನೆಬೆಂಚು ಅವರೇ, ನಿಮ್ಮ ಬಕೆಟ್ ಅಂಗಡಿಯವನ ತಂಗಿ ಈಕೆ. ಇಲ್ಲೂ ಎದುರಿಗೆ ಮನುಷ್ಯ ಇಲ್ಲ, ಆದರೂ ಕೈ ತಡೆಯುತ್ತೆ. ಅಂದರೆ "ಅಲ್ಲಿ ಯಾರೂ ಇಲ್ಲ" ಅನ್ನುವ ನಿಮ್ಮ ಉತ್ತರ ಅಷ್ಟು ಗಟ್ಟಿ ಇಲ್ಲ.

ಅದೇ ಗ್ಯಾರಿಯಟ್ 1997ರಲ್ಲಿ ಅಲ್ಟಿಮಾ ಆನ್‌ಲೈನ್ ತಂದರು. ಈಗ ಕುರುಡು ಅಂಗಡಿಯವಳ ಜಾಗದಲ್ಲಿ ನಿಜವಾದ ಸಾವಿರಾರು ಜನ. ಏನಾಯಿತು? ಕಾಡಿನ ಪ್ರಾಣಿಗಳನ್ನು ಹುಟ್ಟುವುದಕ್ಕೆ ಬಿಡದೆ ಕೊಂದರು. ಊರ ಗೇಟು ದಾಟಿದ ಹೊಸಬರನ್ನು ಹಿಡಿದು ದೋಚಿದರು. ಬಿಡುಗಡೆಗೆ ಮುಂಚೆ, ಪರೀಕ್ಷೆ ನಡೆಯುವಾಗಲೇ, ಲಾರ್ಡ್ ಬ್ರಿಟಿಷ್ ಅನ್ನುವ ರಾಜನಾಗಿ ಜನರ ಮುಂದೆ ನಿಂತಿದ್ದ ಗ್ಯಾರಿಯಟ್ ಅವರನ್ನೇ ಒಬ್ಬ ಬೆಂಕಿ ಮಂತ್ರ ಹಾಕಿ ಮುಗಿಸಿದ. ರಾಜನಿಗೆ ಸಾವಿಲ್ಲದ ಹಾಗೆ ಮಾಡುವ ಸೆಟ್ಟಿಂಗ್ ಆನ್ ಮಾಡಲು ಮರೆತಿದ್ದರಂತೆ. ಎಂಟು ಗುಣ ಕಲಿಸಿದ ಮೇಷ್ಟ್ರಿಗೇ ಈ ಗತಿ.

ಕೊನೆಗೆ 2000ದಲ್ಲಿ ಲೋಕವನ್ನೇ ಎರಡು ಮಾಡಿದರು. ಟ್ರ್ಯಾಮೆಲ್‌ನಲ್ಲಿ ಒಪ್ಪದವರನ್ನು ಕೊಲ್ಲುವ ಹಾಗಿಲ್ಲ. ಫೆಲುಕಾದಲ್ಲಿ ಹಳೇ ಕಾಡು ನ್ಯಾಯ. ಬಹಳಷ್ಟು ಜನ ಗಂಟುಮೂಟೆ ಕಟ್ಟಿಕೊಂಡು ಟ್ರ್ಯಾಮೆಲ್‌ಗೆ ಹೋದರು. ರಾತ್ರಿಪಾಳಿಯವರ ಹಾಗೆ, ಆ ಭಯ ಹೋದ ಮೇಲೆ ಗೇಮ್ ಸತ್ತಿತು ಅನ್ನುವವರು ಇವತ್ತಿಗೂ ಇದ್ದಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜರ್ನಿ ಅನ್ನುವ ಗೇಮ್, 2012ರದ್ದು. ಮರಳುಗಾಡಿನಲ್ಲಿ ಒಬ್ಬ ಅಪರಿಚಿತ ಸಿಗುತ್ತಾನೆ. ಹೆಸರಿಲ್ಲ, ಮಾತಿಲ್ಲ, ಒಂದು ಸಣ್ಣ ನಾದ ಮಾತ್ರ. ಮೊದಮೊದಲು ಅದರಲ್ಲಿ ಒಬ್ಬರನ್ನೊಬ್ಬರು ತಳ್ಳಬಹುದಿತ್ತಂತೆ, ಕಷ್ಟದ ಜಾಗದಲ್ಲಿ ಸಹಾಯ ಮಾಡಲಿ ಅಂತ. ಜನ ಏನು ಮಾಡಿದರು ಹೇಳಿ? ಪ್ರಪಾತಕ್ಕೆ ತಳ್ಳಿದರು. ಜಿನೋವಾ ಚೆನ್ ತಂಡ ಆ ತಳ್ಳುವುದನ್ನೇ ತೆಗೆದು ಹಾಕಿತು. ಈಗ ಹತ್ತಿರ ನಿಂತರೆ ಇಬ್ಬರಿಗೂ ಶಕ್ತಿ ತುಂಬುತ್ತೆ. ಅದೇ ಜನ, ಅದೇ ಮನಸ್ಸು, ಒಬ್ಬರ ಪಕ್ಕ ಒಬ್ಬರು ಬೆಟ್ಟದ ತನಕ ನಡೆದರು. ಇದನ್ನು ಬಿಟ್ಟು ಹುಡುಗರ ಸಂಸ್ಕಾರದ ಬಗ್ಗೆ ಭಾಷಣ ಕೊಟ್ಟು ಏನು ಪ್ರಯೋಜನ?

ಬೆಣ್ಣೆದೋಸೆ

ತಳ್ಳುವ ವಿಷಯ ಬಂತಲ್ಲ, ಎಲ್ಡೆನ್ ರಿಂಗ್ ಆಡಿದವರು ಯಾರಾದರೂ ಇದ್ದೀರಾ? 😄

ಅದರಲ್ಲಿ ನೆಲದ ಮೇಲೆ ಸಂದೇಶ ಬರೆದು ಹೋಗಬಹುದು, ಬೇರೆಯವರ ಗೇಮ್‌ನಲ್ಲಿ ಕಾಣಿಸುತ್ತೆ. ಸ್ವಂತ ಮಾತು ಬರೆಯುವ ಹಾಗಿಲ್ಲ, ಅವರು ಕೊಟ್ಟ ಪದಗಳನ್ನೇ ಜೋಡಿಸಬೇಕು. ಬೈಗುಳ ಇಲ್ಲ. ಬೈಗುಳ ಇಲ್ಲದೆ ಜನ ಎಷ್ಟು ಕಿಲಾಡಿ ಅಂದರೆ, ಪ್ರಪಾತದ ತುದಿಯಲ್ಲಿ "ಹಾರಿ ನೋಡು" ಅಂತ ಬರೆದಿರುತ್ತಾರೆ. ಪಕ್ಕದಲ್ಲೇ ಇನ್ನೊಬ್ಬ "ಸುಳ್ಳುಗಾರ ಮುಂದಿದ್ದಾನೆ" ಅಂತ. ಅದರ ಪಕ್ಕದಲ್ಲಿ ಹಾರಿ ಸತ್ತವರ ರಕ್ತದ ಕಲೆ ಸಾಲು ಸಾಲು. ಮುಟ್ಟಿದರೆ ಅವರು ಹಾರುವುದು ನೆರಳಿನ ಹಾಗೆ ಕಾಣಿಸುತ್ತೆ. ಆಮೆ ಕಂಡರೆ "ನಾಯಿ" ಅಂತಾರೆ. ಎಲ್ಲಾ ಆಮೆಗಳ ಮುಂದೆಯೂ ನಾಯಿ, ನಾಯಿ, ನಾಯಿ. ಯಾಕೆ ಅಂತ ಕೇಳಬೇಡಿ.

ಆದರೆ ಮಜಾ ಇರುವುದು ಇಲ್ಲಿ. ನೀವು ಬರೆದ ಸಂದೇಶಕ್ಕೆ ಯಾರಾದರೂ ಮೆಚ್ಚುಗೆ ಒತ್ತಿದರೆ ನಿಮ್ಮ ಜೀವ ತುಂಬುತ್ತೆ. ನಾನು ಒಂದು ಬಾಸ್ ಹತ್ತಿರ ಇನ್ನೇನು ಸತ್ತೆ ಅನ್ನುವಾಗ ಯಾವನೋ ಪುಣ್ಯಾತ್ಮ ಎಲ್ಲೋ ನನ್ನ ಸಂದೇಶಕ್ಕೆ ಒತ್ತಿ ಉಳಿಸಿದ. ಆ ಸಂದೇಶ ಏನು ಗೊತ್ತಾ? "ನಾಯಿ."

ಆ ಗೇಮ್ ಮಾಡಿದ ಮಿಯಾಝಾಕಿಗೆ ಈ ಥರದ ಸಹಾಯದ ಯೋಚನೆ ಬಂದದ್ದು ಹಿಮ ಬಿದ್ದ ಒಂದು ಏರು ರಸ್ತೆಯಲ್ಲಂತೆ. ಮುಂದಿನ ಕಾರು ಜಾರಿ ನಿಂತಿತು. ಹಿಂದಿನವರು ತಮ್ಮ ಕಾರಿನಿಂದಲೇ ಅದನ್ನು ತಳ್ಳಿ ಹತ್ತಿಸಿದರು. ಒಬ್ಬರನ್ನೊಬ್ಬರು ತಳ್ಳಿಕೊಂಡು ಇವರೂ ಮೇಲೆ ಬಂದರು. ನಿಲ್ಲಿಸಿ ಥ್ಯಾಂಕ್ಸ್ ಹೇಳುವ ಹಾಗಿಲ್ಲ, ನಿಂತರೆ ಮತ್ತೆ ಜಾರುತ್ತೆ. ಕೊನೆಯಲ್ಲಿ ಇದ್ದವನು ಮನೆ ಸೇರಿದನಾ ಅಂತ ಅವರಿಗೆ ಆಮೇಲೂ ಗೊತ್ತಾಗಲಿಲ್ಲವಂತೆ.

2022ರಲ್ಲಿ ಇದೇ ಗೇಮ್‌ನಲ್ಲಿ ತಲೆಗೆ ಮಡಕೆ, ಸೊಂಟಕ್ಕೆ ತುಂಡು ಬಟ್ಟೆ ಮಾತ್ರ ಹಾಕಿಕೊಂಡು ಒಬ್ಬ ಬರುತ್ತಿದ್ದ. ಹೆಸರು "ಲೆಟ್ ಮಿ ಸೋಲೋ ಹರ್". ಮಲೇನಿಯಾ ಅನ್ನುವ ಭಯಂಕರ ಬಾಸ್ ಹತ್ತಿರ ಒದ್ದಾಡುವವರು ಕರೆದರೆ ಬಂದು, ಒಬ್ಬನೇ ಅವಳನ್ನು ಮುಗಿಸಿ ಹೋಗುತ್ತಿದ್ದ. ಗೇಮ್ ಹಂಚುವ ಬಂದೈ ನಾಮ್ಕೋ ಕಂಪನಿ ಅವನಿಗೆ ನಿಜವಾದ ಕತ್ತಿ ಕಳಿಸಿತು. ಅವನ ವಿಡಿಯೋಗಳನ್ನೂ ಜನ ಎಡಿಟ್ ಮಾಡಿ ಹಂಚಿದರು ಕೊನೆಬೆಂಚು ಗುರು. ಎಡಿಟಿಂಗ್ ಟೇಬಲ್ ಮೇಲೆ ಅಷ್ಟೊಂದು ಕೋಪ ಬೇಡ.

ಕೊನೆಬೆಂಚು

😂 ನಾಯಿಗೆ ಜೈ.

ಪಿಕ್ಸೆಲ್‌ಪುಟ್ಟಿ ಮೇಡಂ, ಕುರುಡಿ ಅಂಗಡಿಯವಳ ಪಾಯಿಂಟ್ ಸರಿಯಾಗಿ ತಾಗಿತು. ಅದಕ್ಕೆ ಅಂಡರ್‌ಟೇಲ್ ಸೇರಿಸುತ್ತೇನೆ, 2015ರದ್ದು, ಟೋಬಿ ಫಾಕ್ಸ್ ಅವರ ಗೇಮ್. ಅದರಲ್ಲಿ ಎದುರು ಬರುವ ಯಾವ ಭೂತವನ್ನೂ ಕೊಲ್ಲದೆ ಮುಗಿಸಬಹುದು. ಕೊಂದರೆ ಗೇಮ್ ನೆನಪಿಟ್ಟುಕೊಳ್ಳುತ್ತೆ. ಟೊರಿಯಲ್ ಅನ್ನುವ ಅಮ್ಮನಂಥ ಪಾತ್ರವನ್ನು ಮೊದಲ ಸಲ ಕೊಂದು, ಮನಸ್ಸು ತಡೆಯದೆ ಹಳೇ ಸೇವ್ ತೆರೆದು ಈ ಸಲ ಉಳಿಸಿದಿರಿ ಅನ್ನಿ. ಫ್ಲವಿ ಅನ್ನುವ ಹೂವು ಎದುರಿಗೆ ಬಂದು, ನೀನು ಏನು ಮಾಡಿ ಬಂದೆ ಅಂತ ನನಗೆ ಗೊತ್ತು ಅಂತ ಹಂಗಿಸುತ್ತೆ. ಎಲ್ಲರನ್ನೂ ಕೊಲ್ಲುತ್ತಾ ಹೋದರೆ ಅದೇ ಹೂವು ಇನ್ನೊಂದು ಮಾತು ಹೇಳುತ್ತೆ: ಇದನ್ನು ಮಾಡುವ ಧೈರ್ಯ ಇಲ್ಲದೆ, ಬೇರೆಯವರು ಮಾಡುವುದನ್ನು ಸುಮ್ಮನೆ ನೋಡುತ್ತಾ ಕೂತವರಿಗಿಂತ ನಾವೇ ವಾಸಿ ಅನ್ನುವ ಅರ್ಥದಲ್ಲಿ.

ಆ ದಾರಿ ಆಡಲು ಮನಸ್ಸಾಗದೆ ಯೂಟ್ಯೂಬ್‌ನಲ್ಲಿ ನೋಡಿದವರೇ ಜಾಸ್ತಿ. ನನ್ನ ರೂಮ್‌ಮೇಟ್ ಹಾಗೇ ಪರಾಠ ತಿನ್ನುತ್ತಾ ನೋಡುತ್ತಿದ್ದ, ಈ ಮಾತು ಬಂದ ತಕ್ಷಣ ಫೋನ್ ಮಗುಚಿ ಇಟ್ಟ.

ಹಾಗಾಗಿ ಎಡಿಟ್ ಮಾಡಿದವನಷ್ಟೇ ಅಲ್ಲ, ವಿಡಿಯೋ ನೋಡಿ ನಕ್ಕವರನ್ನೂ ಲೆಕ್ಕಕ್ಕೆ ತಗೋಬೇಕು. ಯಾರೂ ನೋಡುವುದಿಲ್ಲ ಅಂತ ಗೊತ್ತಿದ್ದರೆ ಸೆರಿನಿಟಿ ನೌ ಅಷ್ಟು ದೂರ ಕುದುರೆ ಓಡಿಸಿಕೊಂಡು ಹೋಗುತ್ತಿತ್ತಾ?

ದುಬೈಡ್ಯೂಟಿ

ಯಾರೂ ರೂನ್‌ಸ್ಕೇಪ್ ಬಗ್ಗೆ ಮಾತಾಡಿಲ್ಲ, ಅದಕ್ಕೆ ಬಂದೆ. ನೀತಿಯ ಪ್ರಶ್ನೆ ಬೇಕಾದರೆ ಇದಕ್ಕಿಂತ ಗಟ್ಟಿಯಾದದ್ದು ಸಿಗಲ್ಲ.

ವೆನೆಜುವೆಲಾದಲ್ಲಿ ದುಡ್ಡಿಗೆ ಬೆಲೆಯೇ ಇಲ್ಲದ ಹಾಗಾದಾಗ ಅಲ್ಲಿನ ಹುಡುಗರು ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ ಕೂತು ಹಸಿರು ಡ್ರ್ಯಾಗನ್ ಕೊಲ್ಲುವುದಕ್ಕೆ ಶುರು ಮಾಡಿದರು. ದಿನವಿಡೀ ಅದೇ ಕೆಲಸ. ಡ್ರ್ಯಾಗನ್ ಮೂಳೆ, ಚರ್ಮ ಮಾರಿ ಗೇಮ್‌ನ ಚಿನ್ನ ಮಾಡಿ, ಅದನ್ನು ಹೊರಗಿನವರಿಗೆ ಡಾಲರ್‌ಗೆ ಮಾರುವುದು. ಅದರಲ್ಲೇ ಮನೆಗೆ ಅಕ್ಕಿ ಬೇಳೆ. ಆ ಡ್ರ್ಯಾಗನ್‌ಗಳಿರುವುದು ವೈಲ್ಡರ್‌ನೆಸ್‌ನಲ್ಲಿ, ಅಲ್ಲಿ ಬೇರೆ ಆಟಗಾರರು ನಿಮ್ಮನ್ನು ಕೊಂದು ಕೈಲಿದ್ದದ್ದನ್ನು ದೋಚಬಹುದು. 2017ರಲ್ಲಿ ಯಾರೋ ರೆಡಿಟ್‌ನಲ್ಲಿ, ಈ ವೆನೆಜುವೆಲಾದವರನ್ನು ಬೇಟೆ ಆಡುವುದು ಹೇಗೆ ಅಂತ ಗೈಡ್ ಬರೆದು ಹಾಕಿದರು.

ಈಗ ಹೇಳಿ. ಗೇಮ್ ಚಿನ್ನ ಮಾರುವುದು ಜ್ಯಾಜೆಕ್ಸ್ ಕಂಪನಿಯ ರೂಲ್ಸ್‌ಗೆ ವಿರುದ್ಧ. ಕೊಲ್ಲುವುದು ರೂಲ್ಸ್ ಒಳಗೆ. ರೂಲ್ಸ್ ಮುರಿದವನು ಹೊಟ್ಟೆಗೆ ದುಡಿಯುತ್ತಿದ್ದಾನೆ, ರೂಲ್ಸ್ ಪಾಲಿಸಿದವನು ಮೋಜಿಗೆ ಅವನ ದಿನದ ಸಂಬಳ ಕಿತ್ತುಕೊಳ್ಳುತ್ತಿದ್ದಾನೆ. ನಾನು ಊರಿಗೆ ದುಡ್ಡು ಕಳಿಸಿ ಬದುಕುವವನು. ನನ್ನ ಓಟು ಯಾರಿಗೆ ಅಂತ ಬೇರೆ ಹೇಳಬೇಕಾಗಿಲ್ಲ.

ರಾತ್ರಿಪಾಳಿ

ಮನಸ್ಸಿಗೆ ತಟ್ಟುತ್ತೆ ಅಣ್ಣಾ, ಸುಳ್ಳು ಹೇಳಲ್ಲ. ಆದರೆ ಚಿನ್ನ ಮಾರುವವರಿಂದ ಉಳಿದವರಿಗೆ ಎಷ್ಟು ಕಾಟ ಅಂತ ಆಡಿದವರಿಗೇ ಗೊತ್ತು. ಡ್ರ್ಯಾಗನ್ ಹತ್ತಿರ ಕಾಲಿಡಲು ಜಾಗ ಇರುವುದಿಲ್ಲ, ಮನುಷ್ಯರಿಲ್ಲದೆ ತಾನಾಗೇ ಆಡುವ ಬಾಟ್ ಪ್ರೋಗ್ರಾಂಗಳ ಹಾವಳಿ ಬೇರೆ. ಅಕೌಂಟ್ ಕದ್ದು ಅದರ ಚಿನ್ನ ಮಾರುವವರೂ ಅದೇ ಸಂತೆಯಲ್ಲೇ ಇರುತ್ತಾರೆ. ಪಾಪ ಅನ್ನ ತಿನ್ನುವ ಹುಡುಗ ಯಾರು, ಕಳ್ಳ ಯಾರು ಅಂತ ಕಂಪನಿಗೆ ಹೇಗೆ ಗೊತ್ತಾಗಬೇಕು?

ದುಬೈಡ್ಯೂಟಿ

ಕಂಪನಿಗೆ ಗೊತ್ತಾಗಲ್ಲ, ಒಪ್ಪಿದೆ. ಗೈಡ್ ಬರೆದವನಿಗೆ ಗೊತ್ತಿತ್ತಲ್ಲ? ಅವನ ತಲೆಬರಹದಲ್ಲೇ ದೇಶದ ಹೆಸರಿತ್ತು. ಬಾಟ್ ಅಂತ ಇರಲಿಲ್ಲ, ಕಳ್ಳ ಅಂತ ಇರಲಿಲ್ಲ.

ಕೊನೆಬೆಂಚು

ಇದು ನನ್ನ ವಾದಕ್ಕೇ ಬಂದು ಸೇರಿತು ಅಂತ ಖುಷಿ ಪಡುವಷ್ಟರಲ್ಲಿ ಒಂದು ತೊಡಕು ಕಾಣಿಸಿತು. ಗೈಡ್ ಆಟದ ಹೊರಗಿನದ್ದು, ನಿಜ. ಆದರೆ ಗೈಡ್ ಬರೆಯದೆ, ವಿಡಿಯೋ ಮಾಡದೆ, ಸುಮ್ನೆ ದಿನಾ ಹೋಗಿ ಆ ಹುಡುಗರನ್ನು ಕೊಂದವನೂ ಇದ್ದಾನಲ್ಲ? ಅವನು ಯಾರನ್ನೂ ನಗಿಸಲಿಲ್ಲ. ಆದರೂ ಅವರ ಮನೆಯ ಒಂದು ಹೊತ್ತಿನ ಊಟ ಹೋಯಿತು. ನನ್ನ "ಆಟದ ಒಳಗೆ, ಆಟದ ಹೊರಗೆ" ಅನ್ನುವ ಗೆರೆ ಇಲ್ಲಿ ನಿಲ್ಲುವುದಿಲ್ಲ. ಯಾಕೆಂದರೆ ಆ ಹುಡುಗನಿಗೆ ಅದು ಆಟವೇ ಅಲ್ಲ, ಡ್ಯೂಟಿ. ಸೆಮಿನಾರ್‌ನಲ್ಲಿ ಈ ಭಾಗವನ್ನು ತೀರ್ಮಾನ ಇಲ್ಲದೆಯೇ ಇಡುತ್ತೇನೆ. ಮೇಷ್ಟ್ರು ಏನಾದರೂ ಹೇಳಲಿ.

ಟೀಚರಮ್ಮ

ಎಲ್ಲಾ ಓದಿದೆ. ಅರ್ಧ ಅರ್ಥ ಆಯಿತು, ಅರ್ಧ ಮಗನ ಹತ್ತಿರ ಕೇಳಿ ತಿಳಿದುಕೊಂಡೆ. ಹೈಸ್ಕೂಲ್ ಶಿಕ್ಷಕಿ ನಾನು. ನಮ್ಮಂಥವರ ಪ್ರಶ್ನೆ ಸಣ್ಣದು. ಮಗ ರೂಮಲ್ಲಿ ಒಬ್ಬನೇ ಕೂತು ಗೆನ್‌ಶಿನ್ ಇಂಪ್ಯಾಕ್ಟ್ ಅಂತ ಆಡುತ್ತಾನೆ. ಒಂದು, ಅವನು ಒಂಟಿಯಾಗ್ತಾ ಇದ್ದಾನಾ ಅನ್ನುವ ಭಯ. ಎರಡು, ದುಡ್ಡು. ಯಾರೋ ಹುಡುಗಿ ಪಾತ್ರ ಬೇಕಂತೆ, ಅದಕ್ಕೆ ಚೀಟಿ ಎತ್ತಬೇಕಂತೆ.

ರಾತ್ರಿಪಾಳಿ

ಒಂಟಿತನದ ಬಗ್ಗೆ ನಾನು ಹೇಳುತ್ತೇನೆ ಅಕ್ಕಾ. ನಾರ್ವೆಯಲ್ಲಿ ಮಾಟ್ಸ್ ಸ್ಟೀನ್ ಅಂತ ಒಬ್ಬ ಹುಡುಗ ಇದ್ದ. ಹುಟ್ಟಿದಾಗಿನಿಂದ ಸ್ನಾಯು ಕ್ಷೀಣಿಸುವ ಕಾಯಿಲೆ, ವೀಲ್‌ಚೇರ್. ಬದುಕಿನ ಕೊನೇ ವರ್ಷಗಳೆಲ್ಲ ವಾವ್ ಆಡುತ್ತಾ ಕಳೆದ. 2014ರಲ್ಲಿ ತೀರಿಕೊಂಡಾಗ 25 ವಯಸ್ಸು. ಪಾಪ, ಮಗ ಒಬ್ಬಂಟಿಯಾಗಿ ಸತ್ತ ಅಂತ ಅಪ್ಪ ಅಮ್ಮ ಅಂದುಕೊಂಡಿದ್ದರು. ಅವನ ಬ್ಲಾಗ್‌ನಲ್ಲಿ ಸಾವಿನ ಸುದ್ದಿ ಹಾಕಿದರು. ಯುರೋಪಿನ ಬೇರೆ ಬೇರೆ ದೇಶಗಳಿಂದ ಪತ್ರ ಬಂದವು, ನಿಮ್ಮ ಮಗ ನಮ್ಮ ಕಷ್ಟದಲ್ಲಿ ಜೊತೆಗಿದ್ದ ಅಂತ. ಗಿಲ್ಡ್‌ನ ಕೆಲವರು ಮಣ್ಣಿಗೂ ಬಂದರು. ಗೇಮ್‌ನಲ್ಲಿ ಅವನು ಇಬೆಲಿನ್ ಅನ್ನುವ ಪತ್ತೇದಾರ, ನಡೆಯುತ್ತಿದ್ದ, ಓಡುತ್ತಿದ್ದ.

ಎಲ್ಲರ ಮಗನೂ ಹೀಗೇ ಅಂತ ಅಲ್ಲ. ಯಾರ ಜೊತೆ ಆಡ್ತಿದ್ದೀಯ ಅಂತ ಕೇಳಿ. ಹೆಸರುಗಳು ಪಟಪಟ ಅಂತ ಬಂದರೆ ಅಷ್ಟು ಹೆದರಬೇಡಿ.

ಪಿಕ್ಸೆಲ್‌ಪುಟ್ಟಿ

ದುಡ್ಡಿನ ಬಗ್ಗೆ ನಾನು. ನಾನು ಮೇಲೆ ಹೇಳಿದ್ದೆನಲ್ಲ, ಕಟ್ಟಿದವರನ್ನು ಕೇಳಿ ಅಂತ, ಅದಕ್ಕೆ ಗಾಚಾ, ಅಂದರೆ ದುಡ್ಡು ಹಾಕಿ ಚೀಟಿ ಎತ್ತುವ ಈ ಪದ್ಧತಿ, ಅದರ ಥರದ ಉದಾಹರಣೆ ಬೇರೆ ಇಲ್ಲ. ಗೆನ್‌ಶಿನ್ ಚೆಂದದ ಗೇಮ್, ಬೆಟ್ಟ, ಹುಲ್ಲು, ಸಂಗೀತ ಎಲ್ಲಾ. ಆದರೆ ಐದು ಸ್ಟಾರ್ ಪಾತ್ರ ಬರುವ ಮೂಲ ಸಾಧ್ಯತೆ ಶೇಕಡಾ 0.6, ಅಂದರೆ ಸಾವಿರ ಸಲ ಎತ್ತಿದರೆ ಆರು. ಸತತ 89 ಸಲ ಬರದಿದ್ದರೆ 90ನೇದಕ್ಕೆ ಖಂಡಿತ ಕೊಡುತ್ತಾರೆ. ಆ ಎಣಿಕೆಗೆ ಹುಡುಗರು ಪಿಟಿ, ಅಂದರೆ ಇಂಗ್ಲಿಷಿನ ಕನಿಕರ, ಅಂತಾರೆ. ಬಂದದ್ದು ನಿಮಗೆ ಬೇಕಾದ ಪಾತ್ರವೇ ಆಗಿರಬೇಕು ಅಂತಲೂ ಇಲ್ಲ. ಎಣಿಕೆ ಮೇಲೇರುತ್ತಾ ಹೋದಂತೆ "ಇನ್ನು ಸ್ವಲ್ಪ" ಅನ್ನಿಸುವ ಹಾಗೆ ಕಟ್ಟಿದ್ದಾರೆ. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ನೋಡುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಇವರ ಮೇಲೆ ಹಾಕಿದ ಕೇಸಿನಲ್ಲಿ ಕಂಪನಿ 2 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಅಲ್ಲಿ 16ರ ಒಳಗಿನವರಿಗೆ ತಂದೆ ತಾಯಿ ಒಪ್ಪಿಗೆ ಇಲ್ಲದೆ ಇದನ್ನು ಮಾರುವ ಹಾಗಿಲ್ಲ. ನಮ್ಮಲ್ಲಿ 2025ರಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಗುರಿ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟ. ಇಲ್ಲಿ ಗೆಲ್ಲುವುದು ಚಿತ್ರದ ಹುಡುಗಿ.

ನೀವು ಮಾಡಬೇಕಾದ್ದು ಇಷ್ಟು. ಫೋನಿನಿಂದ ಕಾರ್ಡ್, ಯುಪಿಐ ತೆಗೆದುಬಿಡಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇಡಿ, ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ. ಆಮೇಲೆ ಚೀಟಿ ಎತ್ತುವ ಪುಟದಲ್ಲಿ ವಿವರ ಅಂತ ಒಂದು ಬಟನ್ ಇರುತ್ತೆ, ಈ ಲೆಕ್ಕ ಎಲ್ಲಾ ಅಲ್ಲೇ ಬರೆದಿರುತ್ತಾರೆ. ಮಗನ ಪಕ್ಕ ಕೂತು ಅವನ ಕೈಲೇ ಓದಿಸಿ.

ಟೀಚರಮ್ಮ

ತುಂಬಾ ಥ್ಯಾಂಕ್ಸ್ ಕಣಮ್ಮ. ಓದಿಸಿದೆ. ಗಣಿತದಲ್ಲಿ ಜಸ್ಟ್ ಪಾಸ್ ಆದವನು ಈ ಲೆಕ್ಕವನ್ನು ನನಗೇ ಪಾಠ ಮಾಡುತ್ತಿದ್ದಾನೆ. "ಅಮ್ಮಾ, ನಂದು ಪಿಟಿ ಆಗಲೇ 74, ಈಗ ನಿಲ್ಲಿಸಿದ್ರೆ ಎಲ್ಲಾ ವೇಸ್ಟ್" ಅಂತಿದ್ದಾನೆ. ಹಂಗಂದ್ರೆ ಏನು?

ಪಿಕ್ಸೆಲ್‌ಪುಟ್ಟಿ

ಅಕ್ಕಾ, ವಿವರಣೆ ಆಮೇಲೆ ಕೊಡ್ತೀನಿ. ಮೊದಲು ಕಾರ್ಡ್ ತೆಗೀರಿ.